ಗಾಯಾಳು ಆಟಗಾರನಿಗೆ ದುಡ್ಡು ಒಟ್ಟು ಮಾಡುವುದು: ಕ್ಯೂಆರ್ ಕೋಡ್, ಕ್ರೌಡ್‌ಫಂಡಿಂಗ್, ಪಂದ್ಯಾಟ, ಹುಲಿವೇಷ, ಎಲ್ಲ ಮಾಡಿ ನೋಡಿದ ಮೇಲೆ

ಕಬಡ್ಡಿ ಆಡುವ ಹುಡುಗನ ಮೊಣಕಾಲು ಹೋದರೆ ದುಡ್ಡು ಎಲ್ಲಿಂದ ತರುವುದು? ಮಂಗಳೂರು, ಉಡುಪಿ ಕಡೆಯ ಹಳ್ಳಿಗಳಲ್ಲಿ ಪ್ರತಿ ಸೀಸನ್‌ನಲ್ಲೂ ಯಾವುದಾದರೂ ಒಂದು ಕ್ಲಬ್ಬಿಗೆ ಈ ಪ್ರಶ್ನೆ ಬಂದೇ ಬರುತ್ತದೆ. ನಮ್ಮ ಕ್ಲಬ್ಬಿಗೆ ಬಂದದ್ದು ಜನವರಿಯಲ್ಲಿ. ಆಮೇಲೆ ಒಂದು ವರ್ಷ ನಾವು ಒಂದಲ್ಲ ಒಂದು ದಾರಿಯಲ್ಲಿ ದುಡ್ಡು ಕೇಳುತ್ತಲೇ ಇದ್ದೆವು. ಯಾವ ದಾರಿ ಎಷ್ಟು ಕೊಟ್ಟಿತು ಅಂತ ಎಲ್ಲರೂ ಕೇಳುತ್ತಾರೆ. ನನ್ನ ಪ್ರಕಾರ ಕೇಳಬೇಕಾದದ್ದು ಅದಲ್ಲ. ಆ ದುಡ್ಡು ಯಾವ ತಿಂಗಳಲ್ಲಿ ಕೈಗೆ ಬಂತು, ಯಾವ ಖರ್ಚಿಗೆ ಬಳಸಲು ಬಿಟ್ಟರು, ಇದನ್ನು ಕೇಳಬೇಕು.

ಯಾಕೆ ಅಂದರೆ, ಹುಡುಗನ ಖರ್ಚು ಒಂದೇ ಸಲ ಬರಲಿಲ್ಲ. ಅವನು ನಮ್ಮ ರೈಡರ್, ಹಗಲು ವೈರಿಂಗ್ ಕೆಲಸ, ರಾತ್ರಿ ಕಬಡ್ಡಿ. ಕ್ಯಾಚ್ ಮಾಡಿದವರ ಮೂರು ಜನದ ಭಾರ ಒಂದೇ ಕಾಲಿನ ಮೇಲೆ ಬಿದ್ದು ಮೊಣಕಾಲಿನ ಕೀಲು ತಪ್ಪಿತು, ಎಲುಬುಗಳನ್ನು ಹಿಡಿದಿಡುವ ಲಿಗಮೆಂಟ್‌ಗಳಲ್ಲಿ ಒಂದಕ್ಕಿಂತ ಜಾಸ್ತಿ ಒಟ್ಟಿಗೆ ಹರಿದವು, ಜೊತೆಗೆ ಮೊಣಕಾಲ ಹಿಂದೆ ಹೋಗುವ ದೊಡ್ಡ ರಕ್ತನಾಳಕ್ಕೂ ಪೆಟ್ಟು. ಈ ರಕ್ತನಾಳದ ಪೆಟ್ಟನ್ನು ಸುಮಾರು ಆರು ಗಂಟೆಯೊಳಗೆ ಸರಿ ಮಾಡದಿದ್ದರೆ ಕಾಲು ಉಳಿಯುವುದೇ ಕಷ್ಟ. ಹಾಗಾಗಿ ಮೊದಲ ಆಪರೇಷನ್ ಆ ರಾತ್ರಿಯೇ ಆಯಿತು. ಲಿಗಮೆಂಟ್‌ಗಳದ್ದು ಬಾವು ಇಳಿದ ಮೇಲೆ, ಕೆಲವು ವಾರ ಬಿಟ್ಟು. ಅದಾದ ಮೇಲೆ ಫಿಸಿಯೋಥೆರಪಿ. ಬರೀ ಎಸಿಎಲ್ ಅನ್ನುವ ಒಂದು ಮುಖ್ಯ ಲಿಗಮೆಂಟ್ ಹರಿದರೂ ಮತ್ತೆ ಆಟಕ್ಕೆ ಇಳಿಯಲು ಒಂಬತ್ತು ತಿಂಗಳಾದರೂ ಕಾಯಿರಿ ಅನ್ನುತ್ತಾರೆ, ಇವನದ್ದು ಅದಕ್ಕಿಂತ ದೊಡ್ಡದು. ಅಷ್ಟೂ ತಿಂಗಳು ಸಂಬಳ ಇಲ್ಲ, ಬೈಕಿನ ಕಂತು ನಿಲ್ಲುವುದಿಲ್ಲ, ಮನೆಯಲ್ಲಿ ಅಮ್ಮ ಮತ್ತು ಓದುತ್ತಿರುವ ತಂಗಿ. ಆಪರೇಷನ್‌ಗೆ ಜನ ಕೊಡುತ್ತಾರೆ. ಆರನೇ ತಿಂಗಳ ಫಿಸಿಯೋಗೆ ಕೊಡುವವರನ್ನು ಹುಡುಕಿ ನೋಡಿ, ಆಗ ಗೊತ್ತಾಗುತ್ತದೆ.

ಮೊದಲು ಸರ್ಕಾರಿ ಆರೋಗ್ಯ ಕಾರ್ಡಿನ ವಿಷಯ ಹೇಳಿಬಿಡುತ್ತೇನೆ. ಇದು ಚಂದಾ ಅಲ್ಲ, ಆದರೆ ಇದನ್ನು ಮಾಡದೆ ಚಂದಾ ಎತ್ತಲು ಹೊರಡುವುದು ಸರಿಯಲ್ಲ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ. 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ತುರ್ತು ಕೇಸಿಗೆ ರೆಫರಲ್ ಬೇಡ, ಇಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯಿಂದ ಪತ್ರ ಬೇಕು, ನಮ್ಮ ಕಡೆಯವರಿಗೆ ಸಾಮಾನ್ಯವಾಗಿ ಮಂಗಳೂರಿನ ವೆನ್ಲಾಕ್ ಆಸ್ಪತ್ರೆ. ಸಹಕಾರ ಸಂಘದ ಸದಸ್ಯರಾಗಿದ್ದರೆ ಯಶಸ್ವಿನಿ ಆರೋಗ್ಯ ಯೋಜನೆಯನ್ನೂ ನೋಡಬಹುದು, 2018ರಲ್ಲಿ ನಿಂತುಹೋಗಿದ್ದ ಅದು ಮತ್ತೆ ಶುರುವಾಗಿದೆ. ಹುಡುಗನ ಮೊದಲ ಆಪರೇಷನ್‌ನ ದೊಡ್ಡ ಪಾಲು ಕಾರ್ಡಿನಲ್ಲೇ ಹೋಯಿತು. ಆದರೆ ಕಾರ್ಡು ಆಸ್ಪತ್ರೆಯ ಮಂಚದ ತನಕ ಬರುತ್ತದೆ. ಡಿಸ್ಚಾರ್ಜ್ ಆದ ಮೇಲೆ 15 ದಿನದ ಔಷಧಿವರೆಗೆ ಸರಿ, ಆಮೇಲಿನ ತಿಂಗಳುಗಟ್ಟಲೆ ಫಿಸಿಯೋ, ಮೊಣಕಾಲಿಗೆ ಕಟ್ಟುವ ಬ್ರೇಸ್, ಆಟೋ ಬಾಡಿಗೆ, ಇವು ಯಾವುದೂ ಅದರ ಲೆಕ್ಕದಲ್ಲಿ ಇಲ್ಲ.

ಇನ್ನು ವಾಟ್ಸಾಪ್ ಮತ್ತು ಕ್ಯೂಆರ್ ಕೋಡ್. ಇದಕ್ಕಿಂತ ವೇಗದ ದಾರಿ ಬೇರೆ ಇಲ್ಲ, ಇದು ಖಂಡಿತ. ಪೋಸ್ಟರ್ ಬೆಳಿಗ್ಗೆ ಹೋಯಿತು, ಸಂಜೆಯೊಳಗೆ ದುಬೈ, ಕುವೈತ್, ಮಸ್ಕತ್‌ನಲ್ಲಿರುವ ಊರಿನವರ ಗ್ರೂಪುಗಳಲ್ಲೆಲ್ಲ ಅದೇ ಓಡುತ್ತಿತ್ತು. ಗಲ್ಫಿನಲ್ಲಿ ಇರುವವರು ಕೊಡುವುದರಲ್ಲಿ ಹಿಂದೆ ಮುಂದೆ ನೋಡುವುದಿಲ್ಲ, ಕಬಡ್ಡಿ ಅಂದರೆ ಇನ್ನೂ ಸ್ವಲ್ಪ ಜಾಸ್ತಿ. ಆದರೆ ಎರಡು ವಾರ ಕಳೆದದ್ದೇ ತಡ, ನಲ್ಲಿ ಬಂದ್ ಮಾಡಿದ ಹಾಗೆ ನಿಂತುಹೋಯಿತು. ಆಮೇಲೆ ಅದೇ ಗ್ರೂಪಿನಲ್ಲಿ ಎರಡನೇ ಸಲ ಕೇಳುವುದು ಬಹಳ ಕಷ್ಟ. "ಆವಾಗ ಕೊಟ್ಟೆವಲ್ಲ" ಅಂತ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಸುಮ್ನೆ ಬ್ಲೂ ಟಿಕ್ ಬೀಳುತ್ತದೆ ಅಷ್ಟೆ.

ಈ ದಾರಿಯಲ್ಲಿ ತಾಂತ್ರಿಕ ತೊಂದರೆಗಳೂ ಇವೆ, ಇವನ್ನು ಮೊದಲೇ ತಿಳಿದುಕೊಳ್ಳಬೇಕು. ಹುಡುಗನ ಖಾತೆ ಕಾಲೇಜಿನ ದಿನಗಳಲ್ಲಿ ತೆರೆದದ್ದು, ಪೂರ್ತಿ ಕೆವೈಸಿ ಆಗದ ಸಣ್ಣ ಖಾತೆ. ಅಂಥ ಖಾತೆಯಲ್ಲಿ ಒಂದು ಸಲಕ್ಕೆ 50,000ಕ್ಕಿಂತ ಜಾಸ್ತಿ ಇರುವಂತಿಲ್ಲ, ವರ್ಷಕ್ಕೆ ಒಟ್ಟು ಜಮೆ 1 ಲಕ್ಷ ದಾಟುವಂತಿಲ್ಲ. ಮೊದಲ ದಿನವೇ ಗಡಿ ಮುಟ್ಟಿ ಜನರ ದುಡ್ಡು ವಾಪಸ್ ಹೋಗತೊಡಗಿತು. ಆಸ್ಪತ್ರೆಯಲ್ಲಿ ಮಲಗಿದವನಿಗೆ ಕೆವೈಸಿ ಮಾಡಿಸುವುದು ಹೇಗೆ? ಕೊನೆಗೆ ತಂಗಿಯ ಖಾತೆಗೆ ಬದಲಾಯಿಸಿದೆವು, ಹೊಸ ಪೋಸ್ಟರ್ ಮಾಡಿದೆವು, ಹಳೆ ಪೋಸ್ಟರ್ ಮಾತ್ರ ತನ್ನ ಪಾಡಿಗೆ ಊರೂರು ಸುತ್ತುತ್ತಲೇ ಇತ್ತು.

ಲೆಕ್ಕ ಶುದ್ಧ ಇರಲಿ ಅಂತ ಇಬ್ಬರ ಸಹಿ ಬೇಕಾಗುವ ಜಂಟಿ ಖಾತೆ ಮಾಡೋಣ ಅಂತ ಕ್ಲಬ್ಬಿನ ಹಿರಿಯರು ಹೇಳಿದರು. ಒಳ್ಳೆಯ ಯೋಚನೆ. ಆದರೆ ಇಬ್ಬರೂ ಸಹಿ ಹಾಕಲೇಬೇಕಾದ ಖಾತೆಗೆ ಯುಪಿಐ ಸಿಗುವುದಿಲ್ಲ, ಯಾರಾದರೂ ಒಬ್ಬರು ನಡೆಸಬಹುದಾದ ಜಂಟಿ ಖಾತೆಗೆ ಮಾತ್ರ ಸಿಗುತ್ತದೆ. ಹಾಗಾಗಿ ತಂಗಿಯ ಖಾತೆಯಲ್ಲಿ ಜಮೆ ಮಾಡಿಸಿ, ವಾರಕ್ಕೊಮ್ಮೆ ಅಲ್ಲಿಂದ ಜಂಟಿ ಖಾತೆಗೆ ಹಾಕಿದೆವು. ಸ್ವಲ್ಪ ರಗಳೆ, ಆದರೆ ಪಾಸ್‌ಬುಕ್ ತೋರಿಸಿದರೆ ಯಾರೂ ಎರಡು ಮಾತಾಡುವುದಿಲ್ಲ.

ಆಮೇಲೆ ನಕಲಿ ಕ್ಯೂಆರ್. ನಮ್ಮದೇ ಪೋಸ್ಟರ್, ನಮ್ಮದೇ ಫೋಟೋ, ಮೂಲೆಯ ಕೋಡ್ ಮಾತ್ರ ಬೇರೆ ಯಾರದ್ದೋ. ಕಾಸರಗೋಡಿನ ಒಬ್ಬರು ದುಡ್ಡು ಹಾಕಿ, ಸ್ಕ್ರೀನ್‌ಶಾಟ್ ಕಳಿಸಿ "ಮುಟ್ಟಿತಾ ಅಣ್ಣ?" ಅಂತ ಕೇಳಿದ್ದಕ್ಕೆ ಇದು ಹೊರಗೆ ಬಂತು, ಇಲ್ಲದಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ಸೈಬರ್ ಸಹಾಯವಾಣಿ 1930ಕ್ಕೆ ದೂರು ಕೊಟ್ಟೆವು. ಆವತ್ತಿನಿಂದ ಪೋಸ್ಟರಿನಲ್ಲಿ ದಪ್ಪ ಅಕ್ಷರದಲ್ಲಿ ಎರಡು ವಿಷಯ ಹಾಕಿದೆವು: ದುಡ್ಡು ಹಾಕುವ ಮೊದಲು ಸ್ಕ್ರೀನಿನಲ್ಲಿ ಯಾವ ಹೆಸರು ಬರಬೇಕು ಅನ್ನುವುದು, ಮತ್ತು ತಾರೀಕು. ತಾರೀಕು ಯಾಕೆ ಅಂದರೆ ಈ ಪೋಸ್ಟರುಗಳಿಗೆ ಸಾವಿಲ್ಲ ಮಾರಾಯ್ರೆ. ಹುಡುಗ ಓಡಾಡಲು ಶುರು ಮಾಡಿದ ಮೇಲೂ "ಕಾಲು ಕಳೆದುಕೊಳ್ಳುವ ಸ್ಥಿತಿಯಲ್ಲಿ" ಅಂತ ಅದೇ ಪೋಸ್ಟರ್ ಅವನ ಮೊಬೈಲಿಗೇ ಬಂದಿದೆ, ಫಾರ್ವರ್ಡ್ ಮಾಡಿ ಅಂತ.

ತೆರಿಗೆ ವಿಷಯ ಯಾರೂ ಹೇಳುವುದಿಲ್ಲ, ನಮಗೆ ಹೇಳಿದ್ದು ಊರಿನ ಆಡಿಟರ್. ಸಂಬಂಧಿಕರಲ್ಲದವರಿಂದ ಒಬ್ಬರ ಖಾತೆಗೆ ವರ್ಷದಲ್ಲಿ ಒಟ್ಟು 50,000ಕ್ಕಿಂತ ಜಾಸ್ತಿ ಸುಮ್ನೆ ಬಂದರೆ ಅದು ಆದಾಯದ ಲೆಕ್ಕಕ್ಕೆ ಸೇರುತ್ತದೆ. ತಂಗಿಯ ಖಾತೆ ಅಂದರೆ ತಂಗಿಯ ಆದಾಯ! ಯಾರಿಂದ ಎಷ್ಟು ಬಂತು, ಯಾವ ಬಿಲ್ಲಿಗೆ ಹೋಯಿತು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ, ಸ್ಟೇಟ್‌ಮೆಂಟ್ ಜೊತೆಗಿಡಿ, ಆಡಿಟರ್ ಹತ್ತಿರ ಮೊದಲ ವಾರದಲ್ಲೇ ಹೋಗಿ. ಆದಷ್ಟು ದೊಡ್ಡ ಮೊತ್ತ ಕೊಡುವವರಿಗೆ ನೇರ ಆಸ್ಪತ್ರೆಗೇ ಕಟ್ಟಲು ಹೇಳಿ. ಸಾಮಾನ್ಯ ಯುಪಿಐ ಮಿತಿ ದಿನಕ್ಕೆ 1 ಲಕ್ಷ ಆದರೂ ಆಸ್ಪತ್ರೆಗೆ ಕಟ್ಟುವುದಾದರೆ 5 ಲಕ್ಷದವರೆಗೆ ಬಿಡುತ್ತಾರೆ, ಇದು ತುಂಬಾ ಜನಕ್ಕೆ ಗೊತ್ತಿಲ್ಲ.

ಕ್ರೌಡ್‌ಫಂಡಿಂಗ್ ಸೈಟುಗಳ ಬಗ್ಗೆ, ಅಂದರೆ ಇಂಟರ್ನೆಟ್ಟಿನಲ್ಲಿ ಜನರಿಂದ ಚಂದಾ ಎತ್ತಿಕೊಡುವ ಸೈಟುಗಳ ಬಗ್ಗೆ, ನನಗೆ ಮಿಶ್ರ ಅಭಿಪ್ರಾಯ. ಮಿಲಾಪ್ 2010ರಲ್ಲಿ ಬೆಂಗಳೂರಿನಲ್ಲಿ ಶುರುವಾದದ್ದು, ಕೆಟ್ಟೊ 2012ರಲ್ಲಿ ಮುಂಬೈಯಲ್ಲಿ, ಇಂಪ್ಯಾಕ್ಟ್‌ಗುರು ಕೂಡ ಉಂಟು. ನಾವು ಯಾವುದರಲ್ಲಿ ಹಾಕಿದೆವು ಅಂತ ಹೇಳುವುದಿಲ್ಲ, ಯಾಕೆಂದರೆ ನನ್ನ ತಕರಾರು ಒಂದು ಸೈಟಿನ ಮೇಲಲ್ಲ, ಈ ಇಡೀ ಪದ್ಧತಿಯ ಮೇಲೆ.

ಒಳ್ಳೆಯದು ಮೊದಲು. ಆಸ್ಪತ್ರೆಯ ಎಸ್ಟಿಮೇಟ್ ಪತ್ರ, ಆಧಾರ್, ಪ್ಯಾನ್, ಎಲ್ಲ ನೋಡಿ ಪರಿಶೀಲಿಸುತ್ತಾರೆ. ಹಾಗಾಗಿ ನಮ್ಮನ್ನು ಕಂಡು ಕೇಳಿ ಇಲ್ಲದ ಜನರೂ ನಂಬಿ ಕೊಡುತ್ತಾರೆ. ಊರಿನ ಗ್ರೂಪುಗಳಲ್ಲಿ ನಿಂತುಹೋದ ಮೇಲೆ ಲಕ್ನೋದಿಂದ, ಪುಣೆಯಿಂದ, ಕಬಡ್ಡಿಯ ಗಂಧವೂ ಇಲ್ಲದವರಿಂದ ನೂರು, ಇನ್ನೂರು ಬರುತ್ತಿತ್ತು. ಕೆಲವರು ಹೆಸರೂ ಹಾಕಿರಲಿಲ್ಲ. ಎರಡನೇ ಆಪರೇಷನ್‌ಗೆ ಇದು ನಿಜವಾಗಿ ಉಪಯೋಗಕ್ಕೆ ಬಂತು. ದುಡ್ಡು ನೇರ ಆಸ್ಪತ್ರೆಗೆ ಹೋಗುವುದರಿಂದ ನಮ್ಮ ಖಾತೆಯ ಗೋಜಲೂ ಇಲ್ಲ.

ಈಗ ತಕರಾರು. ಶುಲ್ಕ ಸೊನ್ನೆ ಅಂತ ಬರೆದಿದ್ದರೂ ಪೇಮೆಂಟ್ ಗೇಟ್‌ವೇ ಶುಲ್ಕ (ಆನ್‌ಲೈನ್ ಪಾವತಿ ಸಾಗಿಸುವ ಕಂಪನಿಯದ್ದು), ಅದರ ಮೇಲೆ ಶೇ. 18 ಜಿಎಸ್‌ಟಿ ಹೋಗುತ್ತದೆ. ಕೊಡುವವರ ಸ್ಕ್ರೀನಿನಲ್ಲಿ "ಟಿಪ್" ಅಂತ ಒಂದು ಸಾಲು ಮೊದಲೇ ತುಂಬಿಕೊಂಡು ಕೂತಿರುತ್ತದೆ. ನಮ್ಮ ಮಾವ ಒಬ್ಬರು ಸಾವಿರ ಕೊಡಲು ಹೋಗಿ ಸಾವಿರಕ್ಕಿಂತ ಜಾಸ್ತಿ ಯಾಕೆ ಕಟ್ ಆಯಿತು ಅಂತ ನನಗೆ ಫೋನ್ ಮಾಡಿ ಬೈದರು. ಟಿಪ್ ತಪ್ಪು ಅಂತಲ್ಲ, ಸೈಟ್ ನಡೆಸುವವರಿಗೂ ಖರ್ಚು ಇದೆ, ಆದರೆ ಅದನ್ನು ಸೊನ್ನೆ ಮಾಡುವುದು ಹೇಗೆ ಅಂತ ನಾನೇ ಒಂದು ವಾಯ್ಸ್ ಮೆಸೇಜ್ ಮಾಡಿ ಎಲ್ಲರಿಗೂ ಕಳಿಸಬೇಕಾಯಿತು. ನಿಮ್ಮ ಕ್ಯಾಂಪೇನಿಗೆ ಜಾಹೀರಾತು ಹಾಕುತ್ತೇವೆ ಅಂದರೆ ಅದರ ಖರ್ಚು ಯಾರದ್ದು ಅಂತ ಬರಹದಲ್ಲಿ ಕೇಳಿ, ಮರೆಯಬೇಡಿ.

ಅದಕ್ಕಿಂತ ದೊಡ್ಡ ತೊಂದರೆ, ಉಳಿದ ದುಡ್ಡಿನದ್ದು. ಆಸ್ಪತ್ರೆ ಬಿಲ್ ಮುಗಿದ ಮೇಲೂ ಸ್ವಲ್ಪ ಉಳಿದಿತ್ತು. ಫಿಸಿಯೋಗೆ ಬಳಸೋಣ ಅಂದರೆ ಬಿಲ್ ಕೊಡಿ ಅಂದರು, ನ್ಯಾಯವೇ. ಆದರೆ ಮನೆಗೆ ಬಂದು ಮಾಡಿಸುವ ಫಿಸಿಯೋ ಅವರ ಹತ್ತಿರ ಜಿಎಸ್‌ಟಿ ಬಿಲ್ ಬುಕ್ ಎಲ್ಲಿಂದ ಬರಬೇಕು? ಲೆಟರ್‌ಹೆಡ್‌ನಲ್ಲಿ ಬರೆಸಿ, ಸೀಲ್ ಹಾಕಿಸಿ, ಸ್ಕ್ಯಾನ್ ಮಾಡಿ, ಮತ್ತೆ ಮೇಲ್, ಮತ್ತೆ ಉತ್ತರಕ್ಕೆ ಕಾಯುವುದು. ಬೈಕಿನ ಕಂತು, ಮನೆ ಖರ್ಚು ಅಂತೂ ಕೇಳುವ ಹಾಗೇ ಇಲ್ಲ. ಜ್ವರ ಬಂದ ಮಗುವಿಗೂ ಎದ್ದು ನಿಲ್ಲಲು ವರ್ಷ ಬೇಕಾದ ಆಟಗಾರನಿಗೂ ಅಲ್ಲಿ ಒಂದೇ ಫಾರಂ.

ಇನ್ನೊಂದು, ಫೋಟೋ. ಇದರ ಬಗ್ಗೆ ಸ್ವಲ್ಪ ಹೇಳಲೇಬೇಕು. ಸೈಟಿನವರು ಕೇಳಿದ್ದು ಗಾಯದ ಫೋಟೋ, ಕಾಲಿಗೆ ಕಂಬಿ ಹಾಕಿದ್ದು, ಅಮ್ಮ ಪಕ್ಕದಲ್ಲಿ ಅಳುತ್ತಿರುವುದು. ಕಥೆಯನ್ನೂ ಅವರೇ ಇಂಗ್ಲಿಷಿನಲ್ಲಿ ಬರೆದುಕೊಟ್ಟರು, ಓದಿದರೆ ಹುಡುಗ ನಾಳೆ ಇರುವುದೇ ಅನುಮಾನ ಅನ್ನುವ ಹಾಗೆ. ಹುಡುಗ ಒಪ್ಪಲಿಲ್ಲ. "ಅಣ್ಣ, ನಾಳೆ ನಾನು ಮತ್ತೆ ಅಂಕಣಕ್ಕೆ ಇಳಿದರೆ ಎದುರಿನವನು ಇದೇ ಫೋಟೋ ನೆನಪು ಮಾಡಿಕೊಳ್ಳುತ್ತಾನೆ" ಅಂದ. ಅದರಲ್ಲೂ ಅರ್ಥ ಇದೆ ಅಲ್ವಾ? ಕೊನೆಗೆ ಆಸ್ಪತ್ರೆ ಮಂಚದ ಮೇಲೆ ಕೂತು ಕ್ಯಾಮೆರಾ ನೋಡುತ್ತಿರುವ ಒಂದು ಫೋಟೋಗೆ ರಾಜಿ ಆದ. ವಾಟ್ಸಾಪ್ ಪೋಸ್ಟರಿನಲ್ಲಿ ಮಾತ್ರ ಜೆರ್ಸಿ ಹಾಕಿ ರೈಡ್ ಮಾಡುತ್ತಿರುವ ಫೋಟೋವೇ ಇತ್ತು. ನಾನು ಗಮನಿಸಿದ್ದು ಇಷ್ಟು: ಪರಿಚಯ ಇಲ್ಲದವರು ಮಂಚದ ಫೋಟೋ ನೋಡಿ ಕೊಟ್ಟರು, ಊರಿನವರು ಜೆರ್ಸಿ ಫೋಟೋ ನೋಡಿ ಕೊಟ್ಟರು. ಮಂಚದ ಫೋಟೋ ಊರಿನ ಗ್ರೂಪಿನಲ್ಲಿ ಹಾಕಿದಾಗ "ಪಾಪ" ಅಂತ ಕೈಮುಗಿಯುವ ಎಮೋಜಿ ಬಂದದ್ದೇ ಜಾಸ್ತಿ.

ಸಹಾಯಾರ್ಥ ಪಂದ್ಯಾಟ ನಮ್ಮ ಹುಡುಗರಿಗೆ ಮೊದಲ ದಿನದಿಂದಲೂ ಆಸೆ. "ಹೊನಲು ಬೆಳಕಿನ ಮ್ಯಾಟ್ ಕಬಡ್ಡಿ" ಅಂತ ಫ್ಲೆಕ್ಸ್ ಹಾಕದೆ ನಮ್ಮ ಕಡೆ ಯಾವುದೂ ನಡೆಯುವುದಿಲ್ಲ. ಮಾರ್ಚಿನಲ್ಲಿ ಮಾಡಿದೆವು, ಮಳೆಗೆ ಮೊದಲು. ಲೆಕ್ಕ ಹೇಳಿದರೆ ಬೇಜಾರಾಗುತ್ತದೆ: ಮ್ಯಾಟ್ ಬಾಡಿಗೆ, ಲೈಟು, ಜನರೇಟರ್, ಶಾಮಿಯಾನ, ಮೈಕ್, ರೆಫ್ರಿಗಳ ಸಂಭಾವನೆ, ಊಟ, ಟ್ರೋಫಿ, ನಗದು ಬಹುಮಾನ. ಬಂದದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಖರ್ಚಿಗೇ ಹೋಯಿತು. ಗೆದ್ದ ತಂಡ ಬಹುಮಾನದ ದುಡ್ಡನ್ನು ವೇದಿಕೆಯಲ್ಲೇ ವಾಪಸ್ ಕೊಟ್ಟದ್ದರಿಂದ ಮರ್ಯಾದೆ ಉಳಿಯಿತು. ಎರಡನೇ ತಂಡಕ್ಕೆ ಆಮೇಲೆ ಇರಿಸುಮುರಿಸು ಆಯಿತು, ಅವರೂ ಕೊಟ್ಟರು, ಪಾಪ.

ಯಾರೋ ಲಕ್ಕಿ ಡಿಪ್ ಇಡೋಣ, ಬೈಕ್ ಬಹುಮಾನ ಅಂದರು. ಬೇಡ ಅಂದೆವು. ಕರ್ನಾಟಕದಲ್ಲಿ 2007ರಿಂದ ಲಾಟರಿ ನಿಷೇಧ ಇದೆ, ಟಿಕೆಟ್ ಮಾರಿ ಡ್ರಾ ಮಾಡುವುದು ಎಷ್ಟೇ ಒಳ್ಳೆಯ ಉದ್ದೇಶಕ್ಕಾದರೂ ಠಾಣೆಯ ಬಾಗಿಲಿಗೆ ಕರೆದೊಯ್ಯಬಹುದು. ಊರೂರಲ್ಲಿ ನಡೆಯುತ್ತದೆ, ನೋಡಿದ್ದೇನೆ. ಆದರೂ ಹುಡುಗನ ಹೆಸರಿನಲ್ಲಿ ಬೇಡ.

ಆದರೆ ಪಂದ್ಯಾಟವನ್ನು ದುಡ್ಡಿನಿಂದ ಮಾತ್ರ ಅಳೆಯಬಾರದು ಅನ್ನುವುದು ಅದೇ ರಾತ್ರಿ ಗೊತ್ತಾಯಿತು. ಬಂದ ತಂಡವೊಂದರ ಕೋಚ್ ಮೊಣಕಾಲಿನ ಕೇಸುಗಳನ್ನೇ ನೋಡುವ ಒಬ್ಬ ಫಿಸಿಯೋ ಅವರ ಪರಿಚಯ ಮಾಡಿಸಿದರು, ಅವರು ಅರ್ಧ ದರಕ್ಕೆ ಒಪ್ಪಿದರು. ಒಂದು ವರ್ಷದಲ್ಲಿ ಆ ಅರ್ಧ ದರದಿಂದ ಉಳಿದದ್ದು ಪಂದ್ಯಾಟದ ಲಾಭಕ್ಕಿಂತ ಜಾಸ್ತಿ. ಇನ್ನೊಂದು ಮಾತು. ಪಂದ್ಯಾಟ ಇಡುವವರು ಆಂಬುಲೆನ್ಸ್ ಒಂದು ಮೈದಾನದ ಪಕ್ಕ ನಿಲ್ಲಿಸಿ. ಗಾಯಾಳುವಿಗಾಗಿ ಆಡಿಸುವ ಪಂದ್ಯದಲ್ಲಿ ಇನ್ನೊಬ್ಬ ಗಾಯಾಳು ಆದರೆ ಅವನಿಗೆ ಯಾವ ಪಂದ್ಯಾಟ ಮಾಡುವುದು? ವರ್ಷಕ್ಕೆ 20 ರೂಪಾಯಿಯ ಸುರಕ್ಷಾ ಬಿಮಾ ಇದೆಯಲ್ಲ ಅಂತ ಕೆಲವರು ಕೇಳಿದರು. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಅಪಘಾತದ ಸಾವಿಗೆ 2 ಲಕ್ಷ ಕೊಡುತ್ತದೆ, ಒಂದು ಕಣ್ಣು ಅಥವಾ ಒಂದು ಕೈ, ಕಾಲು ಶಾಶ್ವತವಾಗಿ ಹೋದರೆ 1 ಲಕ್ಷ. ಲಿಗಮೆಂಟ್ ಹರಿದದ್ದಕ್ಕೆ ಅದರಲ್ಲಿ ಜಾಗ ಇಲ್ಲ.

ಯಕ್ಷಗಾನದ ಸಹಾಯಾರ್ಥ ಆಟ ಬೇಡ ಅಂತ ಆಯಿತು. ಮೇಳಕ್ಕೆ ಕೊಡುವ ದುಡ್ಡು, ರಂಗಸ್ಥಳ, ಊಟ ಎಲ್ಲ ಸೇರಿದರೆ ಪಂದ್ಯಾಟದ ಕಥೆಯೇ. ಅದರ ಬದಲು ಪಕ್ಕದೂರಿನ ಹವ್ಯಾಸಿ ಸಂಘದವರು ಭಜನಾ ಮಂದಿರದಲ್ಲಿ ತಾಳಮದ್ದಳೆ ಮಾಡಿಕೊಟ್ಟರು. ವೇಷ ಇಲ್ಲ, ಬಣ್ಣ ಇಲ್ಲ, ಖರ್ಚು ಚಹಾ ಮತ್ತು ಅವಲಕ್ಕಿ. ಬಂದದ್ದು ಸಣ್ಣ ಮೊತ್ತ, ಆದರೆ ಪೂರ್ತಿ ಉಳಿಯಿತು.

ಸರ್ಕಾರದ ಕ್ರೀಡಾ ನಿಧಿಗಳ ಬಗ್ಗೆ ಎಲ್ಲರೂ "ಅಪ್ಲೈ ಮಾಡಿ, ಸಿಗುತ್ತದೆ" ಅನ್ನುತ್ತಾರೆ. ದೆಹಲಿಯ ಕ್ರೀಡಾ ಸಚಿವಾಲಯದಲ್ಲಿ ಪಂಡಿತ್ ದೀನದಯಾಳ್ ಉಪಾಧ್ಯಾಯ ರಾಷ್ಟ್ರೀಯ ಕ್ರೀಡಾಪಟುಗಳ ಕಲ್ಯಾಣ ನಿಧಿ ಅಂತ ಇದೆ, 1982ರಲ್ಲಿ ಬೇರೆ ಹೆಸರಿನಲ್ಲಿ ಶುರುವಾದದ್ದು. ಚಿಕಿತ್ಸೆಗೆ, ಆಡುವಾಗ ಆದ ಗಾಯಕ್ಕೆ 10 ಲಕ್ಷದವರೆಗೆ ಕೊಡಬಹುದು. 1978ರ ಬ್ಯಾಂಕಾಕ್ ಏಷ್ಯಾಡ್‌ನಲ್ಲಿ 20 ಕಿಲೋಮೀಟರ್ ನಡಿಗೆಯಲ್ಲಿ ಚಿನ್ನ ಗೆದ್ದ ಹಕಂ ಸಿಂಗ್ ಅವರಿಗೆ 2018ರಲ್ಲಿ 10 ಲಕ್ಷ ಮಂಜೂರಾಗಿತ್ತು, ಆದರೆ ಅದೇ ವರ್ಷ ಅವರು ತೀರಿಕೊಂಡರು. ಅಂದರೆ ಏಷ್ಯಾಡ್ ಚಿನ್ನ ಗೆದ್ದವರಿಗೇ ಹೀಗೆ, ಕೊನೆಗಾಲದಲ್ಲಿ ಬಂದು ಮುಟ್ಟಿದ್ದು. ನಮ್ಮ ಹುಡುಗ ಜಿಲ್ಲೆಗೆ ಆಡಿದವನು, ರಾಜ್ಯದ ಕ್ಯಾಂಪ್ ತನಕ ಹೋದವನು, ಪದಕ ಇಲ್ಲ. ದೊಡ್ಡ ಮಟ್ಟದಲ್ಲಿ ಆಡಿದ ದಾಖಲೆ ಇರುವವರಿಗೆ ಈ ದಾರಿ ಸರಿ, ಖಂಡಿತ ಪ್ರಯತ್ನಿಸಿ. ಊರಿನ ಮ್ಯಾಟ್‌ನಲ್ಲಿ ಬಿದ್ದವನಿಗೆ ಬಾಗಿಲು ಅಷ್ಟು ಸುಲಭಕ್ಕೆ ತೆರೆಯುವುದಿಲ್ಲ.

ಕ್ರಿಕೆಟ್ಟಿನ ಜೊತೆ ಹೋಲಿಸಿದರೆ ಹೊಟ್ಟೆ ಉರಿಯುತ್ತದೆ. 2018ರ ಕೊನೆಗೆ ಬರೋಡಾದ ಮಾಜಿ ಆಟಗಾರ ಜೇಕಬ್ ಮಾರ್ಟಿನ್ ರಸ್ತೆ ಅಪಘಾತದಲ್ಲಿ ಗಾಯಗೊಂಡಾಗ ಬಿಸಿಸಿಐ 5 ಲಕ್ಷ ಕೊಟ್ಟಿತು, ಆಟಗಾರರು ತಾವಾಗಿ ಮುಂದೆ ಬಂದರು. ಒಳ್ಳೆಯದೇ ಆಯಿತು, ಅವರಿಗೆ ಬೇಕಿತ್ತು. ಕಬಡ್ಡಿಯಲ್ಲಿ 2014ರಿಂದ ಪ್ರೊ ಲೀಗ್ ಬಂದಿದೆ, ಟಿವಿ ಬಂದಿದೆ, ಹರಾಜಿನಲ್ಲಿ ಕೋಟಿ ದಾಟಿದವರೂ ಇದ್ದಾರೆ. ಆ ಬೆಳಕು ಹಳ್ಳಿಯ ಪಂದ್ಯಾಟದ ಮ್ಯಾಟಿನ ತನಕ ಬಂದಿಲ್ಲ.

ಮುಖ್ಯಮಂತ್ರಿ ಪರಿಹಾರ ನಿಧಿಗೆ ಶಾಸಕರ ಪತ್ರ ಸೇರಿಸಿ ಅರ್ಜಿ ಹಾಕಿದೆವು. ಆದಾಯ ಪತ್ರ, ರೇಷನ್ ಕಾರ್ಡ್, ಮೂಲ ಬಿಲ್ಲುಗಳು. ಸ್ವಲ್ಪ ಬಂತು, ತಡವಾಗಿ ಬಂತು, ಆದರೆ ಬಂದದ್ದು ಯಾವುದಕ್ಕೆ ಬೇಕಾದರೂ ಬಳಸಬಹುದಾದ ದುಡ್ಡು. ಮೂಲ ಬಿಲ್ ಒಂದೇ ಇರುತ್ತದೆ, ಅದನ್ನು ಮೊದಲು ಎಲ್ಲಿಗೆ ಕೊಡುತ್ತೀರಿ ಅಂತ ಯೋಚಿಸಿ ಕೊಡಿ. ಕಲರ್ ಸ್ಕ್ಯಾನ್ ಮಾಡಿಟ್ಟುಕೊಳ್ಳಿ.

ತೆರಿಗೆ ರಿಯಾಯಿತಿಗೆ ಬೇಕಾದ 80ಜಿ ರಶೀದಿ ಕೇಳುವವರೂ ಇರುತ್ತಾರೆ, ಹೆಚ್ಚಾಗಿ ಉದ್ಯಮಿಗಳು. ಒಬ್ಬ ವ್ಯಕ್ತಿಯ ಖಾತೆಗೆ ಹಾಕಿದರೆ 80ಜಿ ಸಿಗುವುದಿಲ್ಲ, ನೋಂದಣಿ ಆದ ಟ್ರಸ್ಟ್ ಮೂಲಕ ಬರಬೇಕು, ಅದೂ ನಗದಾದರೆ 2,000ಕ್ಕಿಂತ ಜಾಸ್ತಿಗೆ ಇಲ್ಲ. ನಮ್ಮ ಕ್ಲಬ್ಬು ಸೊಸೈಟಿ ಕಾಯ್ದೆಯಲ್ಲಿ ನೋಂದಣಿ ಆಗಿದೆ ಅಷ್ಟೆ, 80ಜಿ ಇಲ್ಲ. ಊರಿನ ಒಂದು ಟ್ರಸ್ಟ್ ಸಹಾಯ ಮಾಡಿತು, ಒಂದಿಬ್ಬರ ದುಡ್ಡು ಹಾಗೆ ಬಂತು. ಅದಕ್ಕಿಂತ ಜಾಸ್ತಿ ಹೇಳಲು ಇದರಲ್ಲಿ ಏನೂ ಇಲ್ಲ.

ಹುಲಿವೇಷ! ಇದು ನನಗೆ ಆಶ್ಚರ್ಯ ತಂದದ್ದು. ಉಡುಪಿ ಕಡೆ ಅಷ್ಟಮಿಯಲ್ಲಿ ವೇಷ ಹಾಕಿ ಮಕ್ಕಳ ಚಿಕಿತ್ಸೆಗೆ ದುಡ್ಡು ಒಟ್ಟು ಮಾಡುವ ರವಿ ಕಟಪಾಡಿ ಅವರನ್ನು ಎಲ್ಲರೂ ಬಲ್ಲರು. ಕೂಲಿ ಕೆಲಸ ಮಾಡಿಕೊಂಡು, ವರ್ಷವರ್ಷ ಹೊಸ ಹೊಸ ವೇಷ ಹಾಕಿ ಅವರು ಮಾಡಿದ್ದು ಸಣ್ಣ ಕೆಲಸ ಅಲ್ಲ. ಅದನ್ನು ನೋಡಿಯೇ ನಮ್ಮ ಹುಡುಗರು ನವರಾತ್ರಿಗೆ ಹುಲಿ ಹಾಕೋಣ ಅಂದದ್ದು. ನನಗೆ ನಂಬಿಕೆ ಇರಲಿಲ್ಲ, ಯಾಕೆಂದರೆ ಅಪಘಾತ ಆಗಿ ಒಂಬತ್ತು ತಿಂಗಳಾಗಿತ್ತು, ಜನ ಮರೆತಿರುತ್ತಾರೆ ಅಂದುಕೊಂಡೆ. ಹುಲಿಗಳ ಹಿಂದೆ ತಾಸೆ ಬಡಿಯುವವರು, ಅವರ ಹಿಂದೆ ಆಟೋದಲ್ಲಿ ಕಾಲು ಚಾಚಿ ಹುಡುಗ. ಪೇಟೆಯ ಅಂಗಡಿಗಳ ಮುಂದೆ ಕುಣಿದಾಗ ಜನ ಡಬ್ಬಿಗೆ ಹಾಕಿದ್ದು ಮಾತ್ರ ಅಲ್ಲ, ಆಟೋದ ಹತ್ತಿರ ಬಂದು "ಈಗ ಹೇಗಿದ್ದೀಯ?" ಅಂತ ಕೇಳಿದರು. ಬಣ್ಣ, ತಾಸೆ, ಊಟ ಬಿಟ್ಟರೆ ಖರ್ಚಿಲ್ಲ. ಆಟೋ ಅವನ ಭಾವನದ್ದೇ.

ಎಲ್ಲಕ್ಕಿಂತ ಮುಖ್ಯವಾಗಿ ಆ ದುಡ್ಡು ಬಂದದ್ದು ಉಳಿದ ಹೆಚ್ಚಿನ ಮೂಲಗಳು ಒಣಗಿದ್ದ ಸಮಯದಲ್ಲಿ. ನಗದು, ಯಾರ ಬಿಲ್ಲೂ ಕೇಳದ ದುಡ್ಡು. ಮೂರು ತಿಂಗಳ ಫಿಸಿಯೋ ಅದರಲ್ಲೇ ಹೋಯಿತು. ಡಬ್ಬಿಗೆ ಬೀಗ ಹಾಕಿ, ಕೀಲಿ ಕ್ಲಬ್ಬಿನ ಹೊರಗಿನ ಒಬ್ಬರ ಹತ್ತಿರ ಇಡಿ. ಭಜನಾ ಮಂದಿರದಲ್ಲಿ ಹತ್ತು ಜನರ ಎದುರು ಎಣಿಸಿ, ಫೋಟೋ ಹಾಕಿ. ಬಾಯಿಗಳು ಮುಚ್ಚಿಕೊಳ್ಳುತ್ತವೆ.

ಈಗ ನಾನು ಯಾರಾದರೂ ಕೇಳಿದರೆ ಮೊದಲು ಹೇಳುವ ದಾರಿ ಇವು ಯಾವುದೂ ಅಲ್ಲ. ತಿಂಗಳ ಪಟ್ಟಿ. ಕ್ಲಬ್ಬಿನ ಹಳೆ ಆಟಗಾರರು, ಗಲ್ಫಿನಲ್ಲಿರುವ ಕೆಲವರು, ಅಂಗಡಿಯ ಇಬ್ಬರು, ಹುಡುಗನ ಶಾಲೆಯ ಪಿಟಿ ಮೇಷ್ಟ್ರು, ಇಂಥ ಒಂದಷ್ಟು ಜನರ ಹತ್ತಿರ ನಮ್ಮ ಖಜಾಂಚಿ ಒಂದೇ ಮಾತು ಕೇಳಿದ: ಈಗ ಸಾವಿರಾರು ಕೊಡಬೇಡಿ, ಒಂದು ವರ್ಷ ತಿಂಗಳಿಗೆ 500 ಕೊಡಿ. ದೊಡ್ಡ ಮೊತ್ತ ಕೇಳಿದಾಗ ಹಿಂದೆ ಸರಿಯುತ್ತಿದ್ದವರು ಇದಕ್ಕೆ ತಕ್ಷಣ ಒಪ್ಪಿದರು. ಕೆಲವರು ಬ್ಯಾಂಕಿನಲ್ಲಿ ತಿಂಗಳಿಗೊಮ್ಮೆ ತಾನಾಗಿ ಹೋಗುವ ಹಾಗೆ ಮಾಡಿಬಿಟ್ಟರು, ಅವರಿಗೆ ನೆನಪು ಮಾಡುವ ಕೆಲಸವೂ ಇಲ್ಲ. ಮೊದಲ ತಿಂಗಳಲ್ಲಿ ಇದು ನೋಡಲು ಏನೂ ಅಲ್ಲ. ವಾಟ್ಸಾಪಿನಲ್ಲಿ ಒಂದು ಸಂಜೆ ಬಂದದ್ದರ ಮುಂದೆ ತೀರ ಕಡಿಮೆ. ಆದರೆ ಏಳನೇ ತಿಂಗಳಲ್ಲಿ, ಮಳೆಗಾಲದ ನಡುವೆ, ಪಂದ್ಯಾಟ ಇಲ್ಲ, ವೇಷ ಇಲ್ಲ, ಪೋಸ್ಟರ್ ನೋಡುವವರಿಲ್ಲ, ಆವಾಗಲೂ ಒಂದನೇ ತಾರೀಕಿನ ಆಸುಪಾಸಿಗೆ ಖಾತೆಗೆ ಬರುತ್ತಿದ್ದದ್ದು ಇದೊಂದೇ. ತಂಗಿಯ ಫೀಸು, ಕಂತು, ಫಿಸಿಯೋ, ಮೀನು, ಮೊಟ್ಟೆ ಎಲ್ಲ ಇದರಲ್ಲೇ. ಇದನ್ನು ಮೊದಲ ವಾರದಲ್ಲೇ ಶುರು ಮಾಡಬೇಕು, ಜನರ ಮನಸ್ಸು ಬಿಸಿ ಇರುವಾಗ. ಆರು ತಿಂಗಳ ಮೇಲೆ ಹೋಗಿ ಕೇಳಿದರೆ ಪಟ್ಟಿ ಅರ್ಧಕ್ಕೆ ಇಳಿಯುತ್ತದೆ.

ಕೆಲವರಿಗೆ ಇದು ಸಾಲ ವಸೂಲಿ ಥರ ಅನಿಸಿತು, ಅದನ್ನು ಹೇಳಬೇಕು. ನಮ್ಮ ಕ್ಲಬ್ಬಿನ ಹಳೆಯ ತಂಡದ ಒಬ್ಬರು "ಒಂದೇ ಸಲ ಕೊಟ್ಟು ಕೈ ತೊಳೆದುಕೊಳ್ಳುತ್ತೇನೆ, ತಿಂಗಳಿಗೊಮ್ಮೆ ನೆನಪು ಮಾಡಬೇಡ" ಅಂದರು. ಅಂಥವರ ದುಡ್ಡು ಬೇರೆ ಇಡಿ, ಅದು ಸ್ಕ್ಯಾನಿಗೆ, ಬ್ರೇಸಿಗೆ ಆಗುತ್ತದೆ. ಎಲ್ಲರನ್ನೂ ಒಂದೇ ಪಟ್ಟಿಗೆ ಎಳೆಯಬೇಕಾಗಿಲ್ಲ.

ಉಳಿದರೆ ಏನು ಮಾಡುವುದು ಅಂತ ಪೋಸ್ಟರಿನಲ್ಲೇ ಬರೆದಿದ್ದೆವು: ತಾಲೂಕಿನ ಇನ್ನೊಬ್ಬ ಗಾಯಾಳು ಆಟಗಾರನಿಗೆ. ಉಳಿಯಲಿಲ್ಲ. ಬ್ರೇಸ್ ಮಾತ್ರ ಕ್ಲಬ್ಬಿನಲ್ಲಿದೆ, ಅಳತೆ ಸರಿಹೋದ ಒಬ್ಬ ವಾಲಿಬಾಲ್ ಹುಡುಗ ಈಗ ಬಳಸುತ್ತಿದ್ದಾನೆ. ನಮ್ಮ ರೈಡರ್ ಜಾಗಿಂಗ್ ಶುರು ಮಾಡಿದ್ದಾನೆ, ವೈರಿಂಗ್ ಕೆಲಸಕ್ಕೆ ಅರ್ಧ ದಿನ ಹೋಗುತ್ತಾನೆ, ಏಣಿ ಹತ್ತಬೇಡ ಅಂದರೂ ಹತ್ತುತ್ತಾನೆ. ಮ್ಯಾಟಿಗೆ ಇಳಿಯಲು ಡಾಕ್ಟರ್ ಇನ್ನೂ ಬಿಟ್ಟಿಲ್ಲ. ತಿಂಗಳ ಪಟ್ಟಿಯಲ್ಲಿ ಇಬ್ಬರದ್ದು ಕೊನೆಯ ಕಂತು ಬಾಕಿ ಇದೆ, ಕೇಳಲು ನನಗೆ ಮುಜುಗರ, ಖಜಾಂಚಿ ಕೇಳುತ್ತಾನೆ.